ಮಾಗೊಮೆಯ ಬೆಳದಿಂಗಳು

ನಮ್ಮ ಪುಣೆಯ ಮನೆಗೆ ಬಂದವರು ಗೋಡೆಯ ಮೇಲಿರುವ ಜಪಾನೀ ಚಿತ್ರ ನೋಡಿ ಮೊದಲು ಕೇಳುವುದು ಒಂದೇ ಪ್ರಶ್ನೆ. "ಒರಿಜಿನಲ್ಲಾ?" ಕನ್ನಡ ಸಂಘದ ಗೆಳೆಯರೂ ಅದನ್ನೇ ಕೇಳುತ್ತಾರೆ, ಎದುರು ಫ್ಲಾಟಿನ ಮರಾಠಿ ಅಜ್ಜಿಯೂ ಅದನ್ನೇ ಕೇಳುತ್ತಾರೆ. ಹೌದು ಎಂದರೆ ಪೂರ್ತಿ ನಿಜವಲ್ಲ, ಅಲ್ಲ ಎಂದರೂ ಪೂರ್ತಿ ನಿಜವಲ್ಲ. ಹಾಗಾಗಿ ಸಾಮಾನ್ಯವಾಗಿ "ಕಾಫಿ ತಗೊಳ್ಳಿ, ಆರಿಹೋಗುತ್ತೆ" ಎಂದು ಮಾತು ತಿರುಗಿಸುತ್ತೇನೆ. ಒಂದು ಲೋಟ ಕಾಫಿ ಮುಗಿಯುವುದರೊಳಗೆ ಹೇಳಿ ಮುಗಿಸಲಾಗದ ಉತ್ತರ ಅದು. ಸಂಪಾದಕರು ಜಾಗ ಕೊಟ್ಟಿದ್ದಾರೆ, ಇಲ್ಲಿ ಹೇಳಿಬಿಡುತ್ತೇನೆ.

ಚಿತ್ರದ ಹೆಸರು 'ಮಾಗೊಮೆಯ ಚಂದ್ರ'. ಕವಾಸೆ ಹಾಸುಯಿ ಎಂಬ ಕಲಾವಿದ 1930ರಲ್ಲಿ ರಚಿಸಿದ್ದು. ಅದರಲ್ಲಿ ಹೆಚ್ಚೇನೂ ಇಲ್ಲ. ಎತ್ತರದ ಕೆಲವು ಮರಗಳು, ಹುಲ್ಲಿನ ಸೂರಿನ ಒಂದು ರೈತರ ಮನೆ, ಮರಗಳ ಹಿಂದೆ ತುಂಬು ಚಂದ್ರ. ಮನೆಯ ಕಿಟಕಿಯಲ್ಲಿ ಹಳದಿ ಬೆಳಕು. ಉಳಿದಿದ್ದೆಲ್ಲ ನೀಲಿ. ಆ ನೀಲಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಬೆರಳಿಟ್ಟು ತೋರಿಸಲಾಗದು. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಕರೆಂಟು ಹೋದ ಬೆಳದಿಂಗಳ ರಾತ್ರಿಯಲ್ಲಿ ಅಂಗಳಕ್ಕೆ ಬಂದು ನಿಂತರೆ ಅಡಿಕೆ ತೋಟ ಕಾಣುವ ಬಣ್ಣ ಅದು. ನಾವು 'ಕತ್ತಲೆ' ಎನ್ನುತ್ತಿದ್ದೆವು ಅಷ್ಟೆ, ಅದು ಕಪ್ಪಾಗಿ ಇರುತ್ತಿರಲಿಲ್ಲ.

ನಾನು ಮಾಗೊಮೆಯಲ್ಲಿ ಎಂಟು ತಿಂಗಳು ಬಾಡಿಗೆಗಿದ್ದೆ. ಪುಣೆಯಲ್ಲಿ ಜಪಾನೀ ಭಾಷೆ ಕಲಿಯುವ ಐಟಿಯವರಿಗೆ ಕೊರತೆಯಿಲ್ಲ, ನಾನೂ ಅವರಲ್ಲೊಬ್ಬ. 2018ರ ಅಕ್ಟೋಬರಿನಲ್ಲಿ ಕಂಪನಿ ಟೋಕಿಯೊದ ಗ್ರಾಹಕರ ಬಳಿಗೆ ಕಳಿಸಿತು. ಶಿಂಬಾಶಿಯಲ್ಲಿ ಆಫೀಸು, ಮನೆ ಅಸಾಕುಸಾ ಮೆಟ್ರೊ ಮಾರ್ಗದ ಕೊನೆಯ ನಿಲ್ದಾಣ ನಿಶಿ-ಮಾಗೊಮೆಯ ಹತ್ತಿರ. ರಾತ್ರಿ ಹನ್ನೊಂದಕ್ಕೆ ಇಳಿದು ಏರುದಾರಿಯಲ್ಲಿ ಹತ್ತು ನಿಮಿಷ ನಡೆಯಬೇಕು. ಮನೆಯಲ್ಲಿ ಮಾತಾಡಿಸಲು ಯಾರೂ ಇಲ್ಲ, ಪುಣೆಯಲ್ಲಿ ಮಗಳಿಗೆ ಆಗಿನ್ನೂ ಒಂದು ವರ್ಷ. ಆ ಹತ್ತು ನಿಮಿಷ ನನಗೆ ದಿನದ ಅತಿ ಉದ್ದದ ಹೊತ್ತಾಗಿತ್ತು.

ಒಂದು ಭಾನುವಾರ ಹಳೆ ಪುಸ್ತಕಗಳ ಬೀದಿ ಜಿಂಬೊಚೊದಲ್ಲಿ ತಿರುಗುವಾಗ ಅಂಗಡಿಯೊಂದರಲ್ಲಿ ಈ ಚಿತ್ರ ಕಂಡಿತು. ಕೆಳಗೆ 'ಮಾಗೊಮೆ' ಎಂದು ಓದಿ, ನಮ್ಮ ಮಾಗೊಮೆಯೇ ಎಂದು ಕೇಳಿದೆ. ಹೌದಂತೆ. ಬೆಲೆ ನನ್ನ ಅರ್ಧ ತಿಂಗಳ ಬಾಡಿಗೆಯಷ್ಟು. ಹಾಸುಯಿಯ ಚಿತ್ರಗಳು ಲಕ್ಷಗಟ್ಟಲೆಗೆ ಹೋಗುತ್ತವೆಂದು ಆ ಹೊತ್ತಿಗೆ ಕೇಳಿದ್ದೆನಾದ್ದರಿಂದ, ಅಷ್ಟು ಅಗ್ಗಕ್ಕೆ ಹೇಗೆ ಎಂದು ಅನುಮಾನ ಬಂತು. ಅಂಗಡಿಯ ಮುದುಕರು ಭೂತಗನ್ನಡಿ ತಂದು ಮೂಲೆಯಲ್ಲಿದ್ದ ಪುಟ್ಟ ಕೆಂಪು ಮುದ್ರೆ ತೋರಿಸಿದರು. ಅದು ಪ್ರಕಾಶಕ ವತಾನಬೆ ಸಂಸ್ಥೆಯ ಮುದ್ರೆ. ಕಾಲಕಾಲಕ್ಕೆ ಅದರ ಆಕಾರ ಬದಲಾಗಿದೆ, ಅದನ್ನು ನೋಡಿ ಹಾಳೆ ಯಾವಾಗ ಅಚ್ಚಾಯಿತೆಂದು ಹೇಳಬಹುದು. ಹಾಸುಯಿ ತೀರಿಕೊಂಡದ್ದು 1957ರಲ್ಲಿ. ಈ ಹಾಳೆ ಅಚ್ಚಾದದ್ದು ಅದಕ್ಕೂ ಬಹಳ ವರ್ಷಗಳ ನಂತರ.

"ಹಾಗಾದರೆ ಇದು ನಕಲು?" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಸುಯಿ ತನ್ನ ಜೀವಮಾನದಲ್ಲಿ ಮಾರಿದ ಹಾಳೆಗಳನ್ನೂ ಹಾಸುಯಿ ಮುದ್ರಿಸಿರಲಿಲ್ಲ ಎಂದರು. ನನ್ನ ಜಪಾನೀ ಭಾಷೆ ತಪ್ಪಾಗಿ ಅರ್ಥ ಮಾಡಿಕೊಂಡಿತೇನೋ ಎಂದುಕೊಂಡೆ. ತಪ್ಪಿರಲಿಲ್ಲ.

ಜಪಾನಿನ ಮರದಚ್ಚಿನ ಚಿತ್ರಗಳು ನಾಲ್ವರ ಕೆಲಸ. ಬಂಡವಾಳ ಹಾಕಿ, ವಿಷಯ ಹೇಳಿ, ಮಾರುವವನು ಪ್ರಕಾಶಕ. ತೆಳು ಕಾಗದದ ಮೇಲೆ ಬರೆದುಕೊಡುವವನು ಕಲಾವಿದ. ಆ ಕಾಗದವನ್ನೇ ಕಾಡುಚೆರಿ ಮರದ ಹಲಗೆಯ ಮೇಲೆ ಮಗುಚಿ ಅಂಟಿಸಿ ಗೆರೆ ಬಿಟ್ಟು ಉಳಿದದ್ದನ್ನು ಕೆತ್ತಿ ತೆಗೆಯುವವನು ಮೂರನೆಯವನು. ಕಲಾವಿದನ ಮೂಲ ಗೆರೆ ಅಲ್ಲಿಗೇ ನಾಶ. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆಯ ಮುಖ. ನಾಲ್ಕನೆಯವನು ಮುದ್ರಕ, ಒದ್ದೆ ಕಾಗದವನ್ನು ಒಂದೊಂದೇ ಹಲಗೆಯ ಮೇಲಿಟ್ಟು ಕೈಯಿಂದ ಉಜ್ಜುವವನು. ಯಂತ್ರವಿಲ್ಲ, ಒತ್ತುಗಾಣವಿಲ್ಲ. ಹೊಕುಸಾಯ್, ಹಿರೋಶಿಗೆ ಎಂದು ನಾವು ಹೆಸರಿಡುವ ಹಾಳೆಗಳನ್ನು ಅವರು ಅಚ್ಚು ಹಾಕಿದವರಲ್ಲ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಹಲಗೆ ಸೋರ್ಸ್ ಕೋಡು, ಹಾಳೆ ಬಿಲ್ಡು. ಆದರೆ ನಮ್ಮ ಬಿಲ್ಡುಗಳು ಪ್ರತಿ ಸಲವೂ ಒಂದೇ ಥರ ಬರುತ್ತವೆ, ಬರಬೇಕು. ಇಲ್ಲಿ ಹಾಗಲ್ಲ, ಅದರಲ್ಲೂ ಚಿತ್ರ ರಾತ್ರಿಯದಾಗಿದ್ದರೆ.

ಬಣ್ಣಬಣ್ಣದ ಮರದಚ್ಚು ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಚಾಲ್ತಿಗೆ ಬಂದದ್ದು 1765ರ ಸುಮಾರಿಗೆ. ಆ ಕಾಲದ ದೊಡ್ಡ ಹೆಸರು ಸುಜುಕಿ ಹಾರುನೊಬು. ಲಾಂದ್ರ ಎತ್ತಿ ಹಿಡಿದು ರಾತ್ರಿಯಲ್ಲಿ ಪ್ಲಮ್ ಹೂ ನೋಡುತ್ತಿರುವ ಹುಡುಗಿಯ ಅವನ ಚಿತ್ರ ಪ್ರಸಿದ್ಧ. ಅಲ್ಲಿ ಆಕಾಶ ಒಂದು ಕಪ್ಪು ಗೋಡೆ. ಹುಡುಗಿಯ ಮುಖ, ಸೀರೆಯಂಥ ಕಿಮೊನೊ, ಹೂ ಎಲ್ಲವೂ ಹಗಲಿನಷ್ಟೇ ಸ್ಪಷ್ಟ. ನಮ್ಮ ಹಳೆಯ ಕಂಪನಿ ನಾಟಕಗಳಲ್ಲಿ ಹಿಂದಿನ ಪರದೆ ಬದಲಾದರೆ ರಾತ್ರಿಯಾಯಿತೆಂದು ಒಪ್ಪಿಕೊಳ್ಳುತ್ತಿದ್ದೆವಲ್ಲ, ಹಾಗೆ. ಸುಂದರ ಚಿತ್ರವೇ. ಆದರೆ ಅದರಲ್ಲಿ ರಾತ್ರಿಯ ಗಾಳಿ ಇಲ್ಲ.

ಗಾಳಿ ಬರಲು ಎರಡು ಬೇಕಾದವು. ಒಂದು ಬಣ್ಣ, ಇನ್ನೊಂದು ಒಂದು ಕೈಚಳಕ.

ಬಣ್ಣ ಪ್ರಷ್ಯನ್ ನೀಲಿ. ಹದಿನೆಂಟನೆಯ ಶತಮಾನದ ಮೊದಲ ದಶಕದಲ್ಲಿ ಬರ್ಲಿನ್ನಿನಲ್ಲಿ ಕೆಂಪು ಬಣ್ಣ ಮಾಡಲು ಹೋಗಿ ಆಕಸ್ಮಿಕವಾಗಿ ಹುಟ್ಟಿದ ನೀಲಿ ಅದು. ಅದಕ್ಕೂ ಮೊದಲು ಜಪಾನೀ ಮುದ್ರಕರ ಬಳಿ ಇದ್ದದ್ದು ಒಂದು ಪುಟ್ಟ ಹೂವಿನಿಂದ ತೆಗೆದ ನೀಲಿ ಮತ್ತು ನಮಗೆಲ್ಲ ಗೊತ್ತಿರುವ ನೀಲಿಗಿಡದ ಬಣ್ಣ. ಹೂವಿನದು ಬೆಳಕಿಗೆ ಬೇಗ ಮಾಸುತ್ತಿತ್ತು, ನೀಲಿಗಿಡದ್ದು ತಿಳಿಯಾಗಿ ಹರಡುತ್ತಿರಲಿಲ್ಲ. 1830ರ ಹೊತ್ತಿಗೆ ಪ್ರಷ್ಯನ್ ನೀಲಿ ಅಗ್ಗವಾಗಿ ಸಿಗತೊಡಗಿತು. ಬರ್ಲಿನ್ ಎಂಬ ಹೆಸರನ್ನು ತುಂಡು ಮಾಡಿ ಅದನ್ನು 'ಬೆರೊ' ಎಂದು ಕರೆದರು. ಹೊಕುಸಾಯ್‌ನ ಫುಜಿ ಪರ್ವತದ ಮಾಲಿಕೆ, ಆ ದೊಡ್ಡ ಅಲೆಯ ಚಿತ್ರ, ಹುಟ್ಟಿದ್ದು ಈ ಬಣ್ಣದಿಂದ. ಬಣ್ಣ ದಟ್ಟವಾಗಿ ಹಾಕಿದರೆ ಕಪ್ಪಿನಷ್ಟು ಗಾಢ, ನೀರು ಬೆರೆಸಿದರೆ ಮುಂಜಾವದಷ್ಟು ತಿಳಿ. ಒಂದೇ ಬಣ್ಣದಲ್ಲಿ ಇಡೀ ಆಕಾಶ ಸಿಕ್ಕಿತು.

ಕೈಚಳಕದ ಹೆಸರು ಬೊಕಾಶಿ. ಅದನ್ನು ನಾನು ಕಣ್ಣಾರೆ ಕಂಡದ್ದು ಟೋಕಿಯೊದಲ್ಲಿ, ಇಂದಿಗೂ ಹಳೆಯ ಕ್ರಮದಲ್ಲೇ ಅಚ್ಚು ಹಾಕುವ ಅದಾಚಿ ಸಂಸ್ಥೆಯವರ ಒಂದು ಪ್ರಾತ್ಯಕ್ಷಿಕೆಯಲ್ಲಿ. ಮುದ್ರಕ ನನಗಿಂತ ಚಿಕ್ಕ ವಯಸ್ಸಿನವನು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ, ಎದುರಿಗೆ ಅವನಿಂದ ಆಚೆಗೆ ಇಳಿಜಾರಾಗಿರುವ ಮಣೆ. ಹಲಗೆಯ ಮೇಲೆ ಆಕಾಶದ ಭಾಗ ಬರಿಯ ಸಪಾಟು ಮರ. ಅಲ್ಲಿ ಗೆರೆಯಿಲ್ಲ, ಚುಕ್ಕಿಯಿಲ್ಲ, ಕೆತ್ತುವವನು ಏನನ್ನೂ ಹೇಳಿಲ್ಲ. ಅವನು ಒದ್ದೆ ಬಟ್ಟೆಯಿಂದ ಅದನ್ನೊಮ್ಮೆ ಒರೆಸಿದ. ಕುದುರೆ ಕೂದಲಿನ ಕುಂಚದ ಒಂದು ಅಂಚಿಗೆ ಮಾತ್ರ ನೀಲಿ, ಜೊತೆಗೆ ಒಂದು ಚೂರು ಅಕ್ಕಿಯ ಅಂಟು. ಕುಂಚವನ್ನು ಮೇಲಿನ ಅಂಚಿನುದ್ದಕ್ಕೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಳೆದ. ಬಣ್ಣ ನೀರಿನೊಳಕ್ಕೆ ತಾನೇ ಇಳಿದು ಕೆಳಗೆ ಬರುತ್ತ ಬರುತ್ತ ಇಲ್ಲವಾಯಿತು. ಕಾಗದವನ್ನು ಮೂಲೆಯ ಗುರುತಿನ ಕಚ್ಚಿಗೆ ಕೂರಿಸಿ ಹಾಸಿದ. ಬಾರೆನ್ ಎಂಬ ದುಂಡನೆಯ ಮೆತ್ತೆ, ಬಿದಿರಿನ ಪೊರೆ ಸುತ್ತಿದ್ದು, ಅದರಿಂದ ಮೈಭಾರ ಹಾಕಿ ಉಜ್ಜಿದ. ಹಾಳೆ ಎತ್ತಿದರೆ ಸಂಜೆ.

ಅದೇ ಹಾಳೆಯ ಮೇಲೆ ಮತ್ತೊಮ್ಮೆ, ಗಾಢವಾಗಿ. ಈಗ ರಾತ್ರಿ.

ಇಡೀ ಕೆಲಸಕ್ಕೆ ಎರಡು ನಿಮಿಷ ಹಿಡಿದಿರಬಹುದು. ಆದರೆ ನೀರು ಹೆಚ್ಚಾದರೆ ಆಕಾಶ ಸೋರುತ್ತದೆ, ಕಡಿಮೆಯಾದರೆ ಗೆರೆ ಬೀಳುತ್ತದೆ. ಆ ದಿನದ ಹವೆಯ ತೇವ, ಕಾಗದ ಎಷ್ಟು ಹೊತ್ತಿನಿಂದ ಒದ್ದೆಯಾಗಿದೆ, ತೋಳಿಗೆ ಎಷ್ಟು ದಣಿವಾಗಿದೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎದೊ ಕಾಲದಲ್ಲಿ ಒಂದು ಸರದಿಗೆ ಸಾಮಾನ್ಯವಾಗಿ 200 ಹಾಳೆ ಎನ್ನುತ್ತಾರೆ. 200 ಹಾಳೆಗೂ ಈ ಒರೆಸುವುದು, ಎಳೆಯುವುದು, ಉಜ್ಜುವುದು ಹೊಸದಾಗಿಯೇ ಆಗಬೇಕು. ಚಂದ್ರನಿಗೆ ಮಾತ್ರ ಯಾವ ಶ್ರಮವೂ ಇಲ್ಲ. ಅವನಿರುವ ಜಾಗವನ್ನು ಹಲಗೆಯಿಂದ ಕೆತ್ತಿ ತೆಗೆದಿರುತ್ತಾರೆ, ಬಣ್ಣ ತಾಗದೆ ಉಳಿದ ಕಾಗದವೇ ಬೆಳದಿಂಗಳು. ಹಿಮವೂ ಹಾಗೆಯೇ.

ಇದನ್ನು ನೋಡಿ ಬಂದ ಮೇಲೆ ಹಿರೋಶಿಗೆಯ 'ಕಂಬಾರಾ' ನನಗೆ ಬೇರೆಯಾಗಿ ಕಾಣಿಸಿತು. ಎದೊದಿಂದ ಕ್ಯೋಟೊಗೆ ಹೋಗುವ ಹೆದ್ದಾರಿಯ 53 ತಂಗುದಾಣಗಳ ಮಾಲಿಕೆ, 1833–34ರದು. ಅದರಲ್ಲಿ ಕಂಬಾರಾ ಎಂಬ ಊರು, ರಾತ್ರಿ, ಹಿಮ ಬೀಳುತ್ತಿದೆ, ಮೂವರು ಬಾಗಿ ನಡೆಯುತ್ತಿದ್ದಾರೆ. ಒಬ್ಬನು ಅರ್ಧ ಮಡಚಿದ ಕೊಡೆಯೊಳಗೆ ತಲೆಯನ್ನು ಹುದುಗಿಸಿದ್ದಾನೆ. ಯಾರ ಹೆಜ್ಜೆಯ ಸದ್ದೂ ಕೇಳದು ಎನಿಸುವಂಥ ಚಿತ್ರ. ಕಂಬಾರಾ ಬೆಚ್ಚಗಿನ ಕರಾವಳಿ, ಅಲ್ಲಿ ಅಂಥ ಹಿಮ ಬೀಳುವುದೇ ಅಪರೂಪ. ಹಿರೋಶಿಗೆ ಅಲ್ಲಿ ಅದನ್ನು ಕಂಡು ಬರೆದನೆಂದು ಹೆಚ್ಚಿನವರು ನಂಬುವುದಿಲ್ಲ. ನನಗೆ ಅದಕ್ಕಿಂತ ಕುತೂಹಲದ ಸಂಗತಿ ಇನ್ನೊಂದು. ಈ ಚಿತ್ರದಲ್ಲಿ ಎರಡು ಬಗೆಯ ಹಾಳೆಗಳಿವೆ. ಒಂದರಲ್ಲಿ ಕತ್ತಲೆ ಆಕಾಶದ ತುದಿಯಲ್ಲಿ ದಟ್ಟವಾಗಿ ಕೆಳಗೆ ಬರುತ್ತ ತೆಳುವಾಗುತ್ತದೆ. ಇನ್ನೊಂದರಲ್ಲಿ ಬೆಟ್ಟದಂಚಿನಲ್ಲಿ ದಟ್ಟವಾಗಿದ್ದು ಮೇಲಕ್ಕೆ ಹೋಗುತ್ತ ಮಾಯವಾಗುತ್ತದೆ. ಮೊದಲನೆಯದರಲ್ಲಿ ರಾತ್ರಿ ಆ ಊರಿನ ಮೇಲೆ ಕವಿಯುತ್ತಿದೆ, ಎರಡನೆಯದರಲ್ಲಿ ನೆಲದಿಂದ ಏಳುತ್ತಿದೆ. ಕುಂಚದ ಅಂಚನ್ನು ತಿರುಗಿಸಿ ಹಿಡಿದದ್ದರಿಂದ ಹುಟ್ಟಿದ ವ್ಯತ್ಯಾಸ.

ಹಿರೋಶಿಗೆ ಎದೊ ಕೋಟೆಯ ಅಗ್ನಿಶಾಮಕ ದಳದ ಕೆಳಹಂತದ ಸಮುರಾಯ್ ಮನೆತನದವನು. ರಾತ್ರಿ ಪಹರೆ ಕಾಯುವವರ ಮನೆಯಲ್ಲಿ ಹುಟ್ಟಿದವನಿಗೆ ರಾತ್ರಿ ಗೊತ್ತಿರದೆ ಇನ್ನೇನು ಎಂದು ನನಗೆ ಅನ್ನಿಸುತ್ತದೆ, ಇದಕ್ಕೆ ಪುರಾವೆ ಕೇಳಬೇಡಿ. 1855ರ ಭೂಕಂಪದಲ್ಲಿ ಎದೊ ಸುಟ್ಟು ಕುಸಿದ ಮರುವರ್ಷ ಅವನು ತನ್ನ ಕೊನೆಯ ದೊಡ್ಡ ಮಾಲಿಕೆ 'ಎದೊದ ನೂರು ಪ್ರಸಿದ್ಧ ನೋಟಗಳು' ಆರಂಭಿಸಿದ. ಅದರಲ್ಲಿ ಸಾರುವಾಕಾ ಬೀದಿಯ ಒಂದು ರಾತ್ರಿಯಿದೆ. ನಾಟಕಶಾಲೆಗಳ ಸಾಲು, ಆಟ ಮುಗಿಸಿ ಹೊರಟ ಜನ, ಮೇಲೆ ಹುಣ್ಣಿಮೆ. ಜನರ ಕಾಲಬುಡದಲ್ಲಿ ನೆರಳುಗಳಿವೆ! ಇದರಲ್ಲೇನು ವಿಶೇಷ ಅಂದೀರಿ. ಜಪಾನೀ ಅಚ್ಚಿನ ಚಿತ್ರಗಳಲ್ಲಿ ಅಲ್ಲಿಯವರೆಗೆ ಮನುಷ್ಯರಿಗೆ ನೆರಳು ಬರೆಯುವ ರೂಢಿ ಇರಲಿಲ್ಲವೆಂದೇ ಹೇಳಬಹುದು. ಪಾಶ್ಚಾತ್ಯ ಚಿತ್ರಗಳಿಂದ ಕಲಿತದ್ದನ್ನು ಅವನು ಹಗಲಿನ ಬಿಸಿಲಿಗೆ ಬಳಸದೆ ಬೆಳದಿಂಗಳಿಗೆ ಬಳಸಿದ.

ಅದೇ ಮಾಲಿಕೆಯ ಇನ್ನೊಂದು, ಓಜಿ ಎಂಬಲ್ಲಿನ ನರಿಗಳು. ವರ್ಷದ ಕೊನೆಯ ರಾತ್ರಿ ದೊಡ್ಡ ಮರವೊಂದರ ಕೆಳಗೆ ನರಿಗಳು ಸೇರುತ್ತವೆ, ಪ್ರತಿಯೊಂದರ ಬಾಯಿಯ ಬಳಿಯೂ ಒಂದು ಪುಟ್ಟ ಬೆಂಕಿ. ಎಷ್ಟು ಬೆಂಕಿ ಕಂಡವೆಂದು ಎಣಿಸಿ ರೈತರು ಮುಂದಿನ ಬೆಳೆ ಹೇಗೆಂದು ಹೇಳುತ್ತಿದ್ದರಂತೆ. ನಮ್ಮ ಕೊಳ್ಳಿದೆವ್ವದ ನೆಂಟರು ಇರಬೇಕು. ಆದರೆ ನಮ್ಮದು ಹೆದರಿಸುತ್ತಿತ್ತು ಅಷ್ಟೆ, ಬೆಳೆಯ ವರದಿ ಕೊಡುತ್ತಿರಲಿಲ್ಲ. ಆ ಚಿತ್ರದ ಕತ್ತಲೆ ನೀಲಿಯೂ ಅಲ್ಲ, ಕಪ್ಪೂ ಅಲ್ಲ, ಹಸಿರುಬೂದು. ದೂರದಿಂದ ಇನ್ನೂ ನರಿಗಳು ಬರುತ್ತಲೇ ಇವೆ. 1858ರಲ್ಲಿ, ಕಾಲರಾ ಹರಡಿದ್ದ ವರ್ಷ, ಹಿರೋಶಿಗೆ ತೀರಿಕೊಂಡ.

ಮುಂದಿನವನ ಬಗ್ಗೆ ನನಗೆ ಪಕ್ಷಪಾತವಿದೆ. ಕೊಬಾಯಾಶಿ ಕಿಯೋಚಿಕಾ, ಹುಟ್ಟಿದ್ದು 1847ರಲ್ಲಿ, ಶೋಗನ್‌ರ ಕೈಕೆಳಗಿನ ಕುಟುಂಬದಲ್ಲಿ. 1868ರಲ್ಲಿ ಶೋಗನ್‌ರ ಆಳ್ವಿಕೆ ಮುಗಿಯಿತು, ಎದೊ ಟೋಕಿಯೊ ಆಯಿತು. ಸೋತ ಕಡೆಯವನಾದ ಇವನು ಊರು ಬಿಟ್ಟು ಶಿಜುವೊಕಾದಲ್ಲಿ ಕಾಲ ಕಳೆದು 1874ರಲ್ಲಿ ಹಿಂದಿರುಗಿದಾಗ ಗಿಂಜಾದಲ್ಲಿ ಗ್ಯಾಸ್ ದೀಪಗಳು ಉರಿಯುತ್ತಿದ್ದವು. ಬಿಟ್ಟುಹೋದ ಊರಿಗೆ ಮರಳಿದರೆ ರಾತ್ರಿಯೇ ಬದಲಾಗಿದೆ. ಹೊರನಾಡಿಗರಾದ ನಮಗೆ ಇದು ಸ್ವಲ್ಪ ಅರ್ಥವಾದೀತು. 1876ರಿಂದ 1881ರವರೆಗೆ ಅವನು ಟೋಕಿಯೊದ 93 ದೃಶ್ಯಗಳನ್ನು ಮಾಡಿದ, ಅವುಗಳಲ್ಲಿ ಹೆಚ್ಚು ನೆನಪಿನಲ್ಲಿ ಉಳಿಯುವುದು ಇರುಳು ಮುಸ್ಸಂಜೆಗಳೇ. ಕಪ್ಪು ಗೆರೆಯಲ್ಲಿ ರೂಪ ಬಿಡಿಸುವ ಹಳೆ ಪದ್ಧತಿಯನ್ನು ಬಿಟ್ಟು ಬೆಳಕಿನ ಎದುರು ನಿಂತ ಕಪ್ಪು ಆಕೃತಿಗಳನ್ನು ತಂದ. ಮುಖಗಳು ಕಾಣುವುದಿಲ್ಲ. ಜನ ನಮಗೆ ಬೆನ್ನು ಹಾಕಿ ನದಿಯಾಚೆಯ ದೀಪಗಳನ್ನೋ ಬಾಣಬಿರುಸನ್ನೋ ನೋಡುತ್ತಿರುತ್ತಾರೆ.

ಅವನ 1879ರ ಒಂದು ಚಿತ್ರದಲ್ಲಿ ತಕಾನಾವಾ ಎಂಬಲ್ಲಿ, ಮಬ್ಬು ಚಂದ್ರನ ಕೆಳಗೆ, ಸಮುದ್ರದಂಚಿನ ಏರಿಯ ಮೇಲೆ ರೈಲು ಓಡುತ್ತಿದೆ. ಚಿಮಣಿಯಿಂದ ಕಿಡಿಬೆಂಕಿ, ಕಿಟಕಿಗಳಲ್ಲಿ ಬೆಳಕು, ಬೆಳಕಿನಲ್ಲಿ ಪ್ರಯಾಣಿಕರ ಕಪ್ಪು ತಲೆಗಳು. ಆ ಮಾರ್ಗದಲ್ಲಿ ಆಗ ಓಡುತ್ತಿದ್ದುದು ಬ್ರಿಟನ್ನಿನ ಎಂಜಿನ್ನುಗಳು, ಇವನು ಬರೆದದ್ದು ಅಮೆರಿಕದ ಮಾದರಿಯದು. ರೈಲು ಹುಚ್ಚಿನವರು ಇವತ್ತಿಗೂ ಇದರ ಮೇಲೆ ಕೊಂಕು ತೆಗೆಯುತ್ತಾರೆ. ಶಿಂಬಾಶಿಯಿಂದ ಯೊಕೊಹಾಮಾಕ್ಕೆ 1872ರಲ್ಲಿ ಆರಂಭವಾದ ಜಪಾನಿನ ಮೊದಲ ರೈಲುಮಾರ್ಗ ಅದು. ನಾನು ದಿನಾ ರಾತ್ರಿ ಶಿಂಬಾಶಿಯಿಂದ ಹೊರಟು ತಕಾನಾವಾದ ನೆಲದಡಿಯಲ್ಲೇ ಹಾದು ಮನೆಗೆ ಹೋಗುತ್ತಿದ್ದೆ. ಆ ಹಳೆಯ ಏರಿ ಸಮುದ್ರ ತುಂಬಿಸಿದ ನೆಲದೊಳಗೆ ಹೂತುಹೋಗಿತ್ತು. 2019ರಲ್ಲಿ, ನಾನು ಇನ್ನೂ ಅಲ್ಲಿದ್ದಾಗಲೇ, ಕಟ್ಟಡ ಕಾಮಗಾರಿಗೆ ಅಗೆಯುವಾಗ ಅದರ ಕಲ್ಲುಗಳು ಹೊರಬಂದವಂತೆ. ನನಗೆ ತಿಳಿದದ್ದು ಪುಣೆಗೆ ಬಂದ ಮೇಲೆ.

1881ರ ಜನವರಿಯಲ್ಲಿ ರ್‍ಯೋಗೊಕು ಕಡೆ ದೊಡ್ಡ ಬೆಂಕಿ ಬಿತ್ತು. ಕಿಯೋಚಿಕಾ ಸ್ಕೆಚ್ ಪುಸ್ತಕ ಹಿಡಿದು ಓಡಿ, ಉರಿಯುವ ಆಕಾಶವನ್ನು ರಾತ್ರಿಯಿಡೀ ಬರೆಯುತ್ತ ತಿರುಗಿದ. ಮರಳಿ ಬಂದರೆ ಅವನ ಮನೆಯೇ ಸುಟ್ಟುಹೋಗಿತ್ತು. ಆ ಸ್ಕೆಚ್ಚುಗಳಿಂದ ಬೆಂಕಿಯ ಚಿತ್ರಗಳು ಅಚ್ಚಾಗಿ ಬಂದವು. ಅದೇ ವರ್ಷ ಟೋಕಿಯೊ ಮಾಲಿಕೆ ನಿಂತಿತು. ಅವನು ವ್ಯಂಗ್ಯಚಿತ್ರಗಳತ್ತ ತಿರುಗಿದ.

ಇಷ್ಟು ದೂರ ಬಂದ ಮೇಲೆ ಹಾಸುಯಿಗೆ ಮರಳಬಹುದು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಫೋಟೊ ಮತ್ತು ಯಂತ್ರಮುದ್ರಣ ಬಂದು ಮರದಚ್ಚಿನವರ ಹೊಟ್ಟೆಯ ಮೇಲೆ ಹೊಡೆದಿದ್ದವು. ವತಾನಬೆ ಶೋಜಾಬುರೊ ಎಂಬ ಪ್ರಕಾಶಕ ಕೆತ್ತುವವರನ್ನೂ ಮುದ್ರಕರನ್ನೂ ಒಟ್ಟುಹಾಕಿ 'ಶಿನ್-ಹಂಗಾ', ಅಂದರೆ ಹೊಸ ಅಚ್ಚು ಎಂಬ ಹೆಸರಿನಲ್ಲಿ ಮತ್ತೆ ಶುರು ಮಾಡಿದ. ಹಾಸುಯಿ 1918ರಲ್ಲಿ ಅವನ ಜೊತೆ ಸೇರಿದ. ಐದು ವರ್ಷದ ನಂತರ, 1923ರ ಸೆಪ್ಟೆಂಬರ್ 1ರಂದು, ಟೋಕಿಯೊ ಮತ್ತೆ ಕುಸಿದು ಉರಿಯಿತು. ವತಾನಬೆಯ ಅಂಗಡಿ, ಹಲಗೆಗಳು, ದಾಸ್ತಾನು ಎಲ್ಲ ಬೂದಿ. ಹಾಸುಯಿಯ ಮನೆ ಹೋಯಿತು, ವರ್ಷಗಳಿಂದ ತುಂಬಿಸಿದ ಸ್ಕೆಚ್ ಪುಸ್ತಕಗಳು ಹೋದವು. ಬ್ಯಾಕಪ್ ಇಲ್ಲದ ಕಾಲ. ಅವನು ಹೊಸ ಪುಸ್ತಕ ಕೊಂಡು 102 ದಿನಗಳ ಪ್ರಯಾಣ ಹೊರಟ, ಮತ್ತೆ ಮೊದಲಿನಿಂದ ಬರೆಯಲು.

ಅವನ ರಾತ್ರಿಗಳಲ್ಲಿ ದೆವ್ವ ನರಿಗಳಿಲ್ಲ, ಜನರೂ ಕಡಿಮೆ. ಕೊಡೆ ಹಿಡಿದ ಒಬ್ಬರು, ಇಲ್ಲವೇ ಬರಿಯ ಒಂದು ಕಿಟಕಿ. ಆ ಒಂದು ಹಳದಿ ಚೌಕದಿಂದ ಸುತ್ತಲಿನ ನೀಲಿಯೆಲ್ಲ ಇನ್ನಷ್ಟು ತಣ್ಣಗಾಗುತ್ತದೆ. ಕೆಲವರಿಗೆ ಇದು ಕ್ಯಾಲೆಂಡರ್ ಚಿತ್ರದಂತೆ, ಅತಿ ಸಿಹಿ. ನನಗೂ ಹಿರೋಶಿಗೆಯೇ ದೊಡ್ಡವನು ಎನಿಸುತ್ತದೆ. ಆದರೂ ರಾತ್ರಿ ಹನ್ನೊಂದಕ್ಕೆ ಏರುದಾರಿ ಹತ್ತುವಾಗ ನೆನಪಾಗುತ್ತಿದ್ದದ್ದು ಹಾಸುಯಿಯ ಕಿಟಕಿಯೇ. (ಸ್ಟೀವ್ ಜಾಬ್ಸ್ ಹಾಸುಯಿಯ ಚಿತ್ರಗಳನ್ನು ಸಂಗ್ರಹಿಸುತ್ತಿದ್ದ ಎಂಬುದು ನಮ್ಮವರಿಗೆ ಹೇಳಿದ ತಕ್ಷಣ ಕಿವಿ ನಿಮಿರುವ ಸಂಗತಿ. 1984ರ ಮೊದಲ ಮ್ಯಾಕಿಂಟಾಶ್‌ನ ಪರದೆಯ ಮೇಲೆ ತೋರಿಸಿದ್ದ, ತಲೆ ಬಾಚುವ ಹೆಣ್ಣಿನ ಚಿತ್ರವೂ ಒಂದು ಶಿನ್-ಹಂಗಾದಿಂದ ಬಂದದ್ದು, ಹಾಶಿಗುಚಿ ಗೊಯೊ ಎಂಬವನದು.)

ರಾತ್ರಿ ಮುದ್ರಕನ ಕೈಯಲ್ಲಿದೆ ಎಂಬುದನ್ನು ತೋರಿಸಿಕೊಟ್ಟವನು ಹಾಸುಯಿಯ ಸಮಕಾಲೀನ ಯೋಶಿದಾ ಹಿರೋಶಿ. 1926ರಲ್ಲಿ ಅವನು ಒಳಸಮುದ್ರದ ಹಾಯಿದೋಣಿಗಳ ಆರು ಚಿತ್ರ ಮಾಡಿದ: ಮುಂಜಾನೆ, ಪೂರ್ವಾಹ್ನ, ಮಧ್ಯಾಹ್ನ, ಮಂಜು, ಸಂಜೆ, ರಾತ್ರಿ. ಹಾಯಿ ಅದೇ, ಹಗ್ಗ ಅದೇ, ಅಲೆ ಅದೇ. ಬಹುಪಾಲು ಅವೇ ಹಲಗೆಗಳು. ಬಣ್ಣ ಮಾತ್ರ ಬೇರೆ. ಬೆಳಗಿನ ಹಾಳೆಯನ್ನೂ ಇರುಳಿನ ಹಾಳೆಯನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಮರದಿಂದ ಬಂದವೆಂದು ನಂಬುವುದು ಕಷ್ಟ. ಯೋಶಿದಾ ಒಂದು ಚಿತ್ರಕ್ಕೆ ಸರಾಸರಿ 30 ಸಲ ಬಣ್ಣ ಒತ್ತಿಸುತ್ತಿದ್ದ, ಒಂದಕ್ಕಂತೂ 96 ಸಲ. ಮುದ್ರಕರ ಪಕ್ಕದಲ್ಲೇ ಕೂರುತ್ತಿದ್ದ, ತಾನೇ ಮುಂದೆ ನಿಂತು ಅಚ್ಚು ಹಾಕಿಸಿದ ಹಾಳೆಯ ಅಂಚಿಗೆ 'ಸ್ವಮುದ್ರಿತ' ಎಂಬರ್ಥದ ಮುದ್ರೆ ಒತ್ತುತ್ತಿದ್ದ.

ಈತ ನಮ್ಮ ದೇಶಕ್ಕೂ ಬಂದಿದ್ದ. 1930ರ ಕೊನೆಯಲ್ಲಿ ಮಗ ತೋಶಿಯ ಜೊತೆ ಬಂದು ದಾರ್ಜಿಲಿಂಗ್, ಬನಾರಸ್, ಆಗ್ರಾ, ಅಮೃತಸರ, ಅಜಂತಾ, ಎಲ್ಲೋರಾ, ಮಧುರೆ ಎಂದು ಸುತ್ತಿದ. ತಾಜ್‌ಮಹಲಿನ ತೋಟವನ್ನು ಹಗಲಿನಲ್ಲೂ ಬೆಳದಿಂಗಳಲ್ಲೂ ಅಚ್ಚು ಹಾಕಿಸಿದ. ತಾಜ್‌ನ ಹುಣ್ಣಿಮೆಯ ಬಗ್ಗೆ ನಾವೆಲ್ಲ ಕೇಳಿ ಕೇಳಿ ಬೇಸತ್ತಿದ್ದೇವೆ. ಆದರೆ ಅವನ ರಾತ್ರಿಯ ತಾಜ್ ಬಿಳಿಯಲ್ಲ. ನೀಲಿ ಕತ್ತಲೆಯಿಂದ ಅದೇ ನೀಲಿಯ ಸ್ವಲ್ಪ ತಿಳಿಯಾದ ಭಾಗ ಬೇರ್ಪಟ್ಟಂತಿದೆ.

ಈಗ ಆ ಒರಿಜಿನಲ್ಲಿನ ಪ್ರಶ್ನೆ. ನನ್ನ ಹಾಳೆಯ ಆಕಾಶವನ್ನು ಓರೆಯಾಗಿ ಹಿಡಿದು ನೋಡಿದರೆ ಕಾಗದದಲ್ಲಿ ಉಜ್ಜಿದ ಗುರುತು ಸಣ್ಣಗೆ ಕಾಣುತ್ತದೆ. ಹಾಸುಯಿ ಇಲ್ಲದ ಕಾಲದಲ್ಲಿ ಯಾರೋ ಒಬ್ಬರು ಹಲಗೆ ಒರೆಸಿ, ಬಣ್ಣ ಎಳೆದು, ಮೈಭಾರ ಹಾಕಿ ಈ ರಾತ್ರಿಯನ್ನು ಮಾಡಿದ್ದಾರೆ. ಅವರ ಹೆಸರು ಹಾಳೆಯಲ್ಲಿಲ್ಲ. ಎದೊ ಕಾಲದಲ್ಲಿ ಕೆತ್ತಿದವನ ಹೆಸರು ಆಗೊಮ್ಮೆ ಈಗೊಮ್ಮೆ ಇರುತ್ತಿತ್ತು, ಮುದ್ರಕನದು ಅದಕ್ಕಿಂತ ಅಪರೂಪ. ಶಿನ್-ಹಂಗಾ ಕಾಲದ ಕೆಲವು ಪ್ರಕಾಶಕರು ಅಂಚಿನಲ್ಲಿ ಇಬ್ಬರ ಹೆಸರನ್ನೂ ಹಾಕಿದ್ದಾರೆ, ಅಂಥ ಹಾಳೆ ಕೈಗೆ ಬಂದರೆ ನಾನು ಮೊದಲು ಓದುವುದು ಅದನ್ನೇ. ಹದಿನಾಲ್ಕು ವರ್ಷ ಸಪೋರ್ಟ್ ಮತ್ತು ರಿಲೀಸ್ ತಂಡಗಳಲ್ಲಿ ದುಡಿದವನ ಹೊಟ್ಟೆಯುರಿ ಎಂದುಕೊಳ್ಳಿ. ನಮ್ಮ ಹೆಸರು ಕೇಳುವುದು ಏನಾದರೂ ಕೆಟ್ಟಾಗ ಮಾತ್ರ.

ಕೆಟ್ಟದ್ದೂ ಆಯಿತು, ಅದೂ ನನ್ನ ಕೈಯಿಂದಲೇ. ಪುಣೆಗೆ ಬಂದ ಮೇಲೆ ಚಿತ್ರಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ, ಪಶ್ಚಿಮದ ಕಿಟಕಿಯ ಎದುರಿಗೆ ತೂಗುಹಾಕಿದೆ. ಬಂದವರಿಗೆ ಕಾಣಲಿ ಎಂಬ ಆಸೆ. ಟೋಕಿಯೊದ ಮ್ಯೂಸಿಯಮ್ಮುಗಳಲ್ಲಿ ಇಂಥ ಹಾಳೆಗಳನ್ನು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ, ಅದೂ ಕೆಲವು ವಾರ ಮಾತ್ರ ಇಟ್ಟು ಒಳಗೆ ಒಯ್ಯುವುದನ್ನು ನೋಡಿ ಬಂದವನು ನಾನು. ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕೆಂದು ಅಲ್ಲಿ ಗೊಣಗಿದ್ದೆ ಕೂಡ. ನಾಲ್ಕು ವರ್ಷ ಪುಣೆಯ ಬಿಸಿಲು ಮಧ್ಯಾಹ್ನ ಮೂರರಿಂದ ಐದರವರೆಗೆ ಮಾಗೊಮೆಯ ಚಂದ್ರನ ಮೇಲೆ ಬಿತ್ತು.

ಕಳೆದ ವರ್ಷ ಬಣ್ಣ ಬಳಿಸುವಾಗ ಕಟ್ಟು ಬಿಚ್ಚಿದೆ. ಚೌಕಟ್ಟು ಹಾಕಿದವರು ಒಳಗಿನ ರಟ್ಟನ್ನು ಚಿತ್ರದ ಅಂಚಿನ ಮೇಲೆ ಒಂದು ಬೆರಳಷ್ಟು ಒಳಗೆ ಬರುವಂತೆ ಕತ್ತರಿಸಿದ್ದರು. ಆ ರಟ್ಟಿನಡಿಯಲ್ಲಿ ಸುತ್ತಲೂ ಒಂದು ಪಟ್ಟಿ ಉಳಿದುಕೊಂಡಿತ್ತು, ಜಿಂಬೊಚೊದ ಅಂಗಡಿಯಲ್ಲಿ ನಾನು ಕಂಡಿದ್ದ ನೀಲಿ. ಅದರೊಳಗಿನ ಆಕಾಶ ತೊಳೆದ ಬಟ್ಟೆಯಂತೆ ಬಿಳಿಚಿತ್ತು. ದಿನಾ ನೋಡುತ್ತಿದ್ದುದರಿಂದ ನನಗೆ ಗೊತ್ತಾಗಿರಲೇ ಇಲ್ಲ. ಆಗ ಏಳು ವರ್ಷದವಳಾಗಿದ್ದ ಮಗಳು ಬಂದು ನೋಡಿ, "ಅಪ್ಪಾ, ಅಂಚಲ್ಲಿ ಮಾತ್ರ ರಾತ್ರಿ ಉಂಟು, ಮಧ್ಯದಲ್ಲಿ ಬೆಳಗಾಗಿದೆ" ಎಂದಳು.

ಈಗ ಅದು ಮಲಗುವ ಕೋಣೆಗೆ ಹೋಗುವ ಕಿರುದಾರಿಯಲ್ಲಿದೆ. ಅಲ್ಲಿ ಕಿಟಕಿಯಿಲ್ಲ. ಹೊಸ ಕಟ್ಟಿನಲ್ಲಿ ರಟ್ಟನ್ನು ಹಿಂದೆ ಸರಿಸಿ ಆ ನೀಲಿ ಪಟ್ಟಿ ಕಾಣುವಂತೆ ಹಾಕಿಸಿದ್ದೇನೆ. ಹೆಂಡತಿಗೆ ಅದು ಕಲೆಯಂತೆ ಕಾಣುತ್ತದೆ, ಮುಚ್ಚಿಸೋಣ ಎನ್ನುತ್ತಾಳೆ. ಬಂದವರು ಬಚ್ಚಲಿಗೆ ಹೋಗುವಾಗ ಕಂಡು ನಿಲ್ಲುತ್ತಾರೆ, ಲೈಟು ಎಲ್ಲಿದೆ ಎಂದು ಗೋಡೆ ತಡವುತ್ತಾರೆ, ಆಮೇಲೆ ಅದೇ ಪ್ರಶ್ನೆ ಕೇಳುತ್ತಾರೆ.